ಅಂಗಿಯ ಒಳಮಗ್ಗುಲು

ಅಂಗಡಿಯಲ್ಲಿ ಅಂಗಿ ಕೈಗೆ ಬಂದರೆ ನಾನು ಮೊದಲು ಅದನ್ನು ತಿರುವಿ ಒಳಮಗ್ಗುಲು ನೋಡುತ್ತೇನೆ. ಬಣ್ಣ, ಬೆಲೆ, ಸೈಜು ಎಲ್ಲ ಆಮೇಲೆ. ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಏಳು ವರ್ಷ ಚೆಕಿಂಗ್ ಟೇಬಲ್ ಮುಂದೆ ನಿಂತು ಬಂದ ರೂಢಿ ಇದು. ಕಾಲರಿನ ಎರಡೂ ತುದಿ ಜೋಡಿಸಿ ಹಿಡಿಯಬೇಕು, ಒಂದು ಸೂತು ಹೆಚ್ಚುಕಮ್ಮಿ ಆದರೂ ಪೀಸು ಪಕ್ಕಕ್ಕೆ. ಗುಂಡಿಪಟ್ಟಿಯ ಮೇಲೆ ಹೆಬ್ಬೆರಳು ಓಡಿಸಬೇಕು, ಸುಕ್ಕಿದ್ದರೆ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಗುಂಡಿ ತೂರಿಸುವ ಕಾಜಾದೊಳಗೆ ದಾರ ಉಳಿದಿದೆಯೋ, ಕಂಕುಳಲ್ಲಿ ಹೊಲಿಗೆಗಳು ಕೂಡುವ ಜಾಗ ಸಮ ಇದೆಯೋ, ಬದಿಯಲ್ಲಿ ಎಲ್ಲಾದರೂ ಹೊಲಿಗೆ ತಪ್ಪಿದೆಯೋ. ಒಂದು ಅಂಗಿಗೆ ಒಂದು ನಿಮಿಷವೂ ಸಿಗುತ್ತಿರಲಿಲ್ಲ. ದೇಶ ಬಿಟ್ಟು ಇಷ್ಟು ವರ್ಷವಾದರೂ ಕೈ ಆ ಕೆಲಸ ಬಿಟ್ಟಿಲ್ಲ.

ನಮ್ಮ ಲೈನಿನಲ್ಲಿ ಕಾಲರ್ ಹೊಲಿಯುತ್ತಿದ್ದ ಅಕ್ಕ ಒಬ್ಬರಿದ್ದರು, ಮಾಗಡಿ ಕಡೆಯವರು. ಕಾಲರ್ ಎಲ್ಲರಿಗೂ ಕೊಡುವ ಕೆಲಸವಲ್ಲ. ತೋಳು, ಬದಿ, ಕೆಳಗಿನ ಮಡಿಕೆ ಹೊಸಬರಿಂದಲೂ ಆಗುತ್ತದೆ. ಕಾಲರಿಗೆ ಮಾತ್ರ ಪಳಗಿದ ಕೈ ಬೇಕು. ಊಟದ ಬಿಡುವಿನಲ್ಲಿ ಒಮ್ಮೆ ಅವರು ನನ್ನನ್ನು ಮಷೀನಿನ ಮುಂದೆ ಕೂರಿಸಿ ತೋರಿಸಿದರು. "ತುದಿಗೆ ಬಂದಾಗ ನೇರ ತಿರುಗಿಸಬೇಡ ಕಣೇ. ಸೂಜಿ ಬಟ್ಟೇಲೇ ಇರ್ಲಿ, ಫೂಟ್ ಎತ್ತು, ಅಡ್ಡಕ್ಕೆ ಎರಡೇ ಎರಡು ಹೊಲಿಗೆ ಹಾಕು, ಆಮೇಲೆ ತಿರುಗಿಸು. ಹಂಗೆ ಮಾಡಿದ್ರೆ ಮಗುಚಿದಾಗ ಮೂಗು ಚೂಪಾಗಿ ಬರುತ್ತೆ." ಆ ಎರಡು ಅಡ್ಡ ಹೊಲಿಗೆ ಅಂಗಿ ಹಾಕಿಕೊಂಡವರಿಗೆ ಕಾಣುವುದಿಲ್ಲ, ಕಾಲರಿನ ಒಳಗೇ ಉಳಿದುಹೋಗುತ್ತದೆ. ಕೊಳ್ಳುವವರು ಮೆಚ್ಚುವುದು ಚೂಪಾದ ತುದಿಯನ್ನು.

ನಾವು ಹೊಲಿಯುತ್ತಿದ್ದ ಅಂಗಿಗಳಲ್ಲಿ ಬಟನ್‌ಡೌನ್ ಕಾಲರಿನವು ಬಹಳ. ಕಾಲರಿನ ತುದಿಗೆ ಕಾಜಾ, ಎದೆಯ ಮೇಲೆ ಪುಟ್ಟ ಗುಂಡಿ. ಯಾವ ಬಯರ್ ಬಂದರೂ ಒಂದು ಆರ್ಡರು ಅದಕ್ಕೆ ಇದ್ದೇ ಇರುತ್ತಿತ್ತು. ಸ್ಯಾಂಪಲ್ ರೂಮಿನಲ್ಲಿ ಆರ್ಡರು ನೋಡಿಕೊಳ್ಳುವ ನಮ್ಮ ಮರ್ಚಂಡೈಸರ್ ಒಬ್ಬರು ಹೇಳಿದ್ದರು, ಇದರ ತವರುಮನೆ ನ್ಯೂಯಾರ್ಕಿನ ಬ್ರೂಕ್ಸ್ ಬ್ರದರ್ಸ್ ಎಂಬ ಬಟ್ಟೆ ಅಂಗಡಿ ಅಂತ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಮದುವೆಯಾಗಿ 2011ರಲ್ಲಿ ನ್ಯೂಜೆರ್ಸಿಗೆ ಬಂದೆ. ಆ ಅಂಗಡಿಯ ಬಾಗಿಲು ದಾಟಲು ಆರು ವರ್ಷ ಬೇಕಾಯಿತು. 2017ರ ಡಿಸೆಂಬರಿನಲ್ಲಿ ಮನೆಯವರಿಗೆ ಲ್ಯಾಬಿನಿಂದ ಆಫೀಸಿನ ಕೆಲಸಕ್ಕೆ ಬಡ್ತಿ ಸಿಕ್ಕಿತು. ಒಂದು ಒಳ್ಳೆಯ ಅಂಗಿ ಕೊಡಿಸಬೇಕು ಅನ್ನಿಸಿದ್ದೇ ರೈಲು ಹತ್ತಿ ಮ್ಯಾನ್‌ಹ್ಯಾಟನ್‌ಗೆ ಹೋದೆ. ಅವರಿಗೆ ಹೇಳಿರಲಿಲ್ಲ, ಅಳತೆಗೆಂದು ಅವರ ಹಳೇ ಅಂಗಿಯೊಂದನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡಿದ್ದೆ.

ಮ್ಯಾಡಿಸನ್ ಅವೆನ್ಯೂ 346, 44ನೇ ಬೀದಿಯ ಮೂಲೆ. 1915ರಿಂದ ಅಂಗಡಿ ಆ ಕಟ್ಟಡದಲ್ಲಿತ್ತು. ಬಾಗಿಲ ಮೇಲಿನ ಗುರುತು ರಿಬ್ಬನ್ನಿನಲ್ಲಿ ತೂಗುಬಿದ್ದ ಒಂದು ಕುರಿ. ಅದಕ್ಕೆ ಚಿನ್ನದ ಉಣ್ಣೆ ಅನ್ನುತ್ತಾರೆ, ಯುರೋಪಿನ ಉಣ್ಣೆ ವ್ಯಾಪಾರಿಗಳ ಹಳೇ ಚಿಹ್ನೆ. ಒಳಗೆ ಹೋದರೆ ಮರದ ಕಪಾಟು, ಮೇಜಿನ ಮೇಲೆ ಸಾಲಾಗಿ ಟೈಗಳು, ಕಾಲಡಿಗೆ ಸದ್ದಾಗದ ನೆಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ನಾನು ಮುಟ್ಟಿ ನೋಡಿ ಕಳಿಸಿದ ಸಾವಿರಾರು ಅಂಗಿಗಳು ಪೆಟ್ಟಿಗೆಯೊಳಗೆ ಸೇರಿ, ಕಂಟೇನರ್ ಹತ್ತಿ ಎಲ್ಲಿಗೋ ಹೋಗುತ್ತಿದ್ದವಲ್ಲ, ಅವು ಬಂದು ಇಳಿಯುವ ಲೋಕ ಹೀಗಿರುತ್ತದೆ ಎಂದು ಆವತ್ತೇ ಕಣ್ಣಾರೆ ಕಂಡದ್ದು.

ಕೌಂಟರಿನಲ್ಲಿ ಇದ್ದವರು ಅರವತ್ತು ದಾಟಿದ ಹಿರಿಯರು. ನಮ್ಮೂರಿನ ಟೈಲರುಗಳ ಹಾಗೆಯೇ ಕೊರಳಿಗೆ ಟೇಪು ಇಳಿಬಿಟ್ಟಿದ್ದರು. ನಾನು 40 ಸೈಜು ಎಂದೆ. ಇಲ್ಲಿ ಅದು ನಡೆಯುವುದಿಲ್ಲ, ಕೊರಳಿನ ಸುತ್ತಳತೆ ಬೇರೆ, ತೋಳಿನ ಉದ್ದ ಬೇರೆ, ಎರಡೂ ಹೇಳಬೇಕು. ಚೀಲದಿಂದ ಹಳೇ ಅಂಗಿ ತೆಗೆದುಕೊಟ್ಟೆ. ಅವರು ಅದನ್ನು ಮೇಜಿನ ಮೇಲೆ ಹರಡಿ, ಅಂಗೈಯಿಂದ ಸವರಿ, ಬೆನ್ನಿನ ನಡುವಿನಿಂದ ಭುಜದ ಮೇಲೆ ಹಾಯ್ದು ಮುಂಗೈ ಪಟ್ಟಿಯ ತನಕ ಟೇಪು ಹಿಡಿದರು. ಯಾರದೋ ಹಳೇ ಅಂಗಿಯನ್ನು ಅಷ್ಟು ಮರ್ಯಾದೆಯಿಂದ ಮುಟ್ಟಿದ್ದು ನನಗೆ ತುಂಬ ಹಿಡಿಸಿತು. ಹದಿನೈದೂವರೆ, ಮೂವತ್ತನಾಲ್ಕು ಎಂದರು.

ಅವರು ತೆಗೆದುಕೊಟ್ಟದ್ದು ತಿಳಿನೀಲಿ ಆಕ್ಸ್‌ಫರ್ಡ್ ಬಟ್ಟೆಯದು. ಕೈಗೆ ಬಂದದ್ದೇ ತಿರುವಿ ಹಾಕಿದೆ. ಅವರು ನೋಡಿ, "ಮೇಡಂ, ನೀವೂ ಈ ಕೆಲಸದವರಾ?" ಎಂದು ಕೇಳಿದರು. ಹೌದು, ಬೆಂಗಳೂರಲ್ಲಿ ಮಾಡುತ್ತಿದ್ದೆ ಎಂದೆ. ಆಮೇಲೆ ಅವರು ನನ್ನನ್ನು ಅವಸರ ಮಾಡಲಿಲ್ಲ.

ಆಕ್ಸ್‌ಫರ್ಡ್ ನೇಯ್ಗೆಯಲ್ಲಿ ಹಾಸಿನ ಎರಡು ಎಳೆ ಜೊತೆಯಾಗಿ ಹೋಗುತ್ತವೆ, ಹೊಕ್ಕಿನ ಎಳೆ ಒಂದೇ, ಆದರೆ ದಪ್ಪ. ಹಾಸು ನೀಲಿ, ಹೊಕ್ಕು ಬಿಳಿ. ಹತ್ತಿರ ಹಿಡಿದರೆ ಸಣ್ಣ ಬುಟ್ಟಿಯ ಹೆಣಿಗೆಯ ಹಾಗೆ ಎರಡೂ ಬಣ್ಣ ಬೇರೆಬೇರೆ ಕಾಣುತ್ತವೆ, ದೂರ ಹಿಡಿದರೆ ಮುಂಜಾನೆಯ ಆಕಾಶದ ಬಣ್ಣ. ಹತ್ತಿ ಸುಪೀಮಾ, ಅಮೆರಿಕದಲ್ಲಿ ಬೆಳೆಯುವ ಉದ್ದ ಎಳೆಯ ಜಾತಿ. ಉದ್ದ ಎಳೆಯ ಹತ್ತಿ ಎಂದರೇನು ಎಂದು ರಾಣೆಬೆನ್ನೂರು ಕಡೆಯ ಮನೆಯಲ್ಲಿ ಹುಟ್ಟಿದವಳಿಗೆ ಯಾರೂ ಹೇಳಿಕೊಡಬೇಕಿಲ್ಲ. 1972ರಲ್ಲಿ ಧಾರವಾಡದಲ್ಲಿ ಹತ್ತಿ ವಿಜ್ಞಾನಿ ಡಾ. ಕಟರ್ಕಿಯವರು ಉದ್ದ ಎಳೆಯ ವರಲಕ್ಷ್ಮಿ ತಳಿ ತಂದರು, ಆಮೇಲೆ ಡಿಸಿಎಚ್-32 ಬಂತು, ಅದಕ್ಕೆ ಜಯಲಕ್ಷ್ಮಿ ಎಂದು ಹೆಸರು. ನಮ್ಮ ಅವ್ವ ಬೀಜದ ಹತ್ತಿಯ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆಯುವುದು, ಮರುದಿನ ಬೆಳಿಗ್ಗೆ ಗಂಡುಹೂವು ತಂದು ಒಂದೊಂದಕ್ಕೇ ಮುಟ್ಟಿಸುವುದು. ಬಟ್ಟೆಗೆ ಇಂಥ ನುಣುಪು ಬರುವ ಮೊದಲು ಹೊಲದಲ್ಲಿ ಎಷ್ಟು ಕೈ ಓಡಾಡಿರುತ್ತವೆ ಎಂದು ನನಗೆ ಗೊತ್ತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾಲರು. ನಮ್ಮಲ್ಲಿ ಕಾಲರಿನ ಒಳಗೆ ಬಕ್ರಂ ಎಂಬ ಗಟ್ಟಿ ಬಟ್ಟೆ ಇಟ್ಟು ಫ್ಯೂಸಿಂಗ್ ಮಷೀನಿನಲ್ಲಿ ಬಿಸಿಗೆ ಅಂಟಿಸುತ್ತಿದ್ದೆವು. ಅದರಿಂದ ಕಾಲರು ಹಲಗೆಯ ಹಾಗೆ ನಿಲ್ಲುತ್ತದೆ. ನಾಲ್ಕಾರು ಒಗೆತ ಆದ ಮೇಲೆ ಅಂಟು ಸರಿಯಿಲ್ಲದಿದ್ದರೆ ಗುಳ್ಳೆ ಏಳುತ್ತದೆ. ಈ ಅಂಗಿಯಲ್ಲಿ ಬಕ್ರಂ ಇರಲೇ ಇಲ್ಲ. ಬಟ್ಟೆ, ಅದರ ಮೇಲೆ ಬಟ್ಟೆ, ಅಷ್ಟೇ. ಜೇಬೂ ಇಲ್ಲ. ಗುಂಡಿಗಳು ಮುತ್ತಿನ ಚಿಪ್ಪಿನವು, ಕೆನ್ನೆಗೆ ತಾಗಿಸಿದರೆ ತಣ್ಣಗೆ. ಕಾಲರಿನ ತುದಿಯ ಗುಂಡಿ ಹಾಕಿದಾಗ ಅದು ಚಪ್ಪಟೆಯಾಗಿ ಕೂರಲಿಲ್ಲ. ಗಾಳಿಗೆ ತುಂಬಿಕೊಂಡ ಸೆರಗಿನ ಹಾಗೆ ಸ್ವಲ್ಪ ಉಬ್ಬಿ, ಬಾಗಿ, ಇಳಿಯಿತು. ಬಕ್ರಂ ಇಲ್ಲದ ಕಾಲರನ್ನು ಹೊಲಿಯುವುದು ಕಷ್ಟ. ಬಟ್ಟೆ ಕೈಯಲ್ಲಿ ಜಾರುತ್ತದೆ, ಮೇಲಿನ ಪದರ ಮುಂದೆ ಹೋಗಿ ಕೆಳಗಿನದು ಹಿಂದೆ ಉಳಿಯುತ್ತದೆ. ಎರಡೂ ತುದಿ ಜೋಡಿಸಿ ಹಿಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

ಈ ಕಾಲರಿನ ಕಥೆಯನ್ನು ಕಂಪನಿಯೇ ಹೇಳಿಕೊಂಡು ಬಂದಿದೆ. ಸ್ಥಾಪಕರ ಮೊಮ್ಮಗ ಜಾನ್ ಇ. ಬ್ರೂಕ್ಸ್ 1896ರಲ್ಲಿ ಇಂಗ್ಲೆಂಡಿನಲ್ಲಿ ಪೋಲೊ ಆಟ ನೋಡುತ್ತಿದ್ದಾಗ, ಕುದುರೆ ಓಡುವ ರಭಸಕ್ಕೆ ಕಾಲರು ಮುಖಕ್ಕೆ ಹಾರದಂತೆ ಆಟಗಾರರು ಅದನ್ನು ಬಿಗಿದುಕೊಂಡದ್ದು ಕಂಡಿತಂತೆ. ಅದನ್ನೇ ತಂದು ಅಂಗಿಗೆ ಇಟ್ಟರು, ಪೋಲೊ ಕಾಲರ್ ಎಂದು ಕರೆದರು. ಇಂದು ಪೋಲೊ ಎಂದರೆ ರಾಲ್ಫ್ ಲಾರೆನ್ ನೆನಪಾಗುತ್ತಾರಲ್ಲ, ಅವರೂ ಹರೆಯದಲ್ಲಿ ಸ್ವಲ್ಪ ಕಾಲ ಬ್ರೂಕ್ಸ್ ಬ್ರದರ್ಸ್‌ನಲ್ಲಿ ಸೇಲ್ಸ್‌ಮನ್ ಆಗಿದ್ದವರು.

ಲೇಬಲ್ ಹುಡುಕಿದೆ. ಅಮೆರಿಕದಲ್ಲೇ ತಯಾರಾದದ್ದು. ಎಲ್ಲಿ ಎಂದು ಕೇಳಿದಾಗ ಆ ಹಿರಿಯರು ನಾರ್ತ್ ಕೆರೊಲೈನಾದ ಗಾರ್ಲ್ಯಾಂಡ್ ಎಂದರು. 600 ಜನರ ಆಸುಪಾಸಿನ ಊರು, ನಮ್ಮ ಕಡೆಯ ಒಂದು ಸಣ್ಣ ಹಳ್ಳಿಯಷ್ಟು. ಅಲ್ಲಿ ಎಲ್ಲರಿಗಿಂತ ಹೆಚ್ಚು ಜನಕ್ಕೆ ಕೆಲಸ ಕೊಟ್ಟದ್ದು ಈ ಅಂಗಿ ಫ್ಯಾಕ್ಟರಿ. ಸೂಟುಗಳು ಮ್ಯಾಸಚೂಸೆಟ್ಸ್‌ನ ಹೇವರಿಲ್‌ನಲ್ಲಿ, ಟೈಗಳು ಇಲ್ಲೇ ನದಿಯಾಚೆ ಲಾಂಗ್ ಐಲ್ಯಾಂಡ್ ಸಿಟಿಯಲ್ಲಿ. ಅಂಗಿ ಯಾವ ಊರಿನಲ್ಲಿ ಹೊಲಿದದ್ದು ಎಂದು ಮಾರುವವರಿಗೇ ಗೊತ್ತಿರುವುದು ನನಗೆ ಹೊಸದು. ನಮ್ಮ ಅಂಗಿಗಳ ಲೇಬಲ್ಲಿನಲ್ಲಿ ದೇಶದ ಹೆಸರಷ್ಟೇ ಇರುತ್ತಿತ್ತು. ಪೀಣ್ಯ ಎಂದು ಎಲ್ಲೂ ಬರೆದದ್ದನ್ನು ನಾನು ನೋಡಿಲ್ಲ.

140 ಡಾಲರ್ ಕೊಟ್ಟು ಒಂದೇ ಅಂಗಿ ತಂದೆ. ಆ ರಾತ್ರಿ ಫೋನಿನಲ್ಲಿ ಅವ್ವ ಲೆಕ್ಕ ಹಾಕಿದಳು.

"ಒಂದ ಅಂಗಿಗೆ ಒಂಬತ್ತ ಸಾವ್ರ ಕೊಟ್ಟಿ ಏನವಾ?"

"ಹೂಂ ಅವ್ವಾ."

"ನೀ ಗಾರ್ಮೆಂಟ್ಸ್ ಬಿಡೂ ಮುಂದ ನಿನ್ನ ಪಗಾರ ಎಷ್ಟಿತ್ತು?"

ಕೈಗೆ ಐದು ಸಾವಿರವೂ ಬರುತ್ತಿರಲಿಲ್ಲ. ಅವ್ವ ಬಯ್ಯಲು ಕೇಳಿದ್ದಲ್ಲ, ನೆನಪಿಗೆ ಕೇಳಿದ್ದು. ಆ ಲೆಕ್ಕ ನನಗೆ ಈಗಲೂ ತಲೆಯಿಂದ ಹೋಗಿಲ್ಲ.

ಅಂಗಿ ತಂದ ಮೇಲೆ ಆ ಅಂಗಡಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 1818ರ ಏಪ್ರಿಲ್ 7ರಂದು ಹೆನ್ರಿ ಸ್ಯಾಂಡ್ಸ್ ಬ್ರೂಕ್ಸ್ ಎಂಬವರು ನ್ಯೂಯಾರ್ಕಿನ ಹಡಗುಕಟ್ಟೆಯ ಬಳಿ, ಕ್ಯಾಥರಿನ್ ಮತ್ತು ಚೆರಿ ಬೀದಿಗಳ ಮೂಲೆಯಲ್ಲಿ ಅಂಗಡಿ ತೆರೆದರು. ಅವರ ಮಕ್ಕಳು 1850ರಲ್ಲಿ ಅದಕ್ಕೆ ಬ್ರೂಕ್ಸ್ ಬ್ರದರ್ಸ್ ಎಂದು ಹೆಸರಿಟ್ಟರು. 1849ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಚಿನ್ನ ಅರಸಿ ಹೊರಟವರಿಗೆ ಅಳತೆ ಕೊಟ್ಟು, ಟ್ರಯಲ್ ನೋಡಿ, ವಾರಗಟ್ಟಲೆ ಕಾಯುವ ವ್ಯವಧಾನ ಇರಲಿಲ್ಲ. ಅವರಿಗಾಗಿ ಹೊಲಿದಿಟ್ಟ ಸೂಟು ಮಾರಲು ತೊಡಗಿದರು. ನಾವು ಹಬ್ಬಕ್ಕೆ ಮಕ್ಕಳಿಗೆ ರೆಡಿಮೇಡ್ ತರುತ್ತೇವಲ್ಲ, ಅಮೆರಿಕದಲ್ಲಿ ಆ ಪದ್ಧತಿಯ ಬೇರುಗಳಲ್ಲಿ ಒಂದು ಇಲ್ಲಿದೆ.

ಚೆಕಿಂಗ್ ಮಾಡಿದವಳಿಗೆ ಇದಕ್ಕಿಂತ ಹತ್ತಿರದ ಕಥೆ 1861ರದು. ಅಂತರ್ಯುದ್ಧ ಶುರುವಾದಾಗ ನ್ಯೂಯಾರ್ಕ್ ರಾಜ್ಯದ ಸೈನಿಕರಿಗೆ 12,000 ಸಮವಸ್ತ್ರದ ಕಂತ್ರಾಟು ಇವರಿಗೆ ಸಿಕ್ಕಿತು. ಬೇಕಾದಷ್ಟು ಬಟ್ಟೆ ಇರಲಿಲ್ಲ, ಟೈಮೂ ಇರಲಿಲ್ಲ. ಹಳೇ ಉಣ್ಣೆ ಚಿಂದಿಯನ್ನು ಹಿಂಜಿ ಒತ್ತಿ ಮಾಡಿದ ಬಟ್ಟೆ ಬಳಸಿದರು. ಮಳೆಗೆ ನೆನೆದಾಗ ಸೈನಿಕರ ಮೈಮೇಲೆಯೇ ಅದು ಬಿಚ್ಚಿಕೊಂಡಿತು. ಆ ಬಟ್ಟೆಯ ಹೆಸರು ಶಾಡಿ. ಇಂಗ್ಲಿಷಿನಲ್ಲಿ ಕಳಪೆ ಎನ್ನಲು ಶಾಡಿ ಎನ್ನುತ್ತಾರಲ್ಲ, ಆ ಅರ್ಥ ಬಲವಾಗಿ ಅಂಟಿಕೊಂಡದ್ದು ಆ ಯುದ್ಧದ ಕಾಲದಲ್ಲಿ. ಓದುವಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಶಿಪ್‌ಮೆಂಟ್ ದಿನ ಹತ್ತಿರ ಬಂದಾಗ "ಇದು ಪಾಸ್ ಮಾಡು" ಎಂದು ಮೇಲಿನಿಂದ ಬರುವ ಒತ್ತಡ ನನಗೆ ಗೊತ್ತು. ನಾನೂ ಒಮ್ಮೆ ಮನಸ್ಸಿಗೆ ಒಪ್ಪದ ಒಂದು ಲಾಟಿಗೆ ಸಹಿ ಹಾಕಿದ್ದೇನೆ, ಇವತ್ತಿಗೂ ಆ ಅಂಗಿಗಳ ಬಣ್ಣ ನೆನಪಿದೆ.

1865ರ ಏಪ್ರಿಲ್ 14ರ ರಾತ್ರಿ ಗುಂಡೇಟು ಬಿದ್ದಾಗ ಅಬ್ರಹಾಂ ಲಿಂಕನ್ ತೊಟ್ಟಿದ್ದ ಕಪ್ಪು ಕೋಟು ಇದೇ ಅಂಗಡಿಯದು. ಅದರ ಒಳಮಗ್ಗುಲಿನಲ್ಲಿ, ಲೈನಿಂಗಿನ ಮೇಲೆ, ಹದ್ದಿನ ಚಿತ್ರ ಕಸೂತಿ ಮಾಡಿ "ಒಂದೇ ದೇಶ, ಒಂದೇ ಭವಿತವ್ಯ" ಎಂಬ ಅರ್ಥದ ಮಾತು ಹೊಲಿದಿದ್ದರು. ಇನ್ನೊಂದು ಕಡೆ, ನ್ಯೂ ಆರ್ಲಿಯನ್ಸ್‌ನ ಸಂಗ್ರಹಾಲಯ ಒಂದರಲ್ಲಿ ಇದೇ ಅಂಗಡಿಯ ಎರಡು ಕೋಟುಗಳಿವೆ. ಅವು ಗುಲಾಮರಾಗಿದ್ದವರು ತೊಟ್ಟವು, ಒಡೆಯ ತನ್ನ ಅಂತಸ್ತು ತೋರಿಸಲು ಅವರಿಗೆ ತೊಡಿಸಿದವು. ಗುಲಾಮಗಿರಿ ತೊಡೆದವನಿಗೂ, ಗುಲಾಮನಿಗೂ ಒಂದೇ ಮನೆಯ ಕೋಟು. ಅಮೆರಿಕದ ನಲವತ್ತರಷ್ಟು ಅಧ್ಯಕ್ಷರು ಇವರ ಬಟ್ಟೆ ಉಟ್ಟಿದ್ದಾರೆ ಎಂಬ ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ನನಗೆ ಕಣ್ಣಿಗೆ ಕಟ್ಟಿದ್ದು ಆ ಎರಡು ಕೋಟು.

ನಮ್ಮ ಕಡೆಗೆ ಬರುವ ಒಂದು ಎಳೆಯೂ ಇದರಲ್ಲಿದೆ. ಮದ್ರಾಸ್ ಚೆಕ್ಸ್ ಬಟ್ಟೆಯನ್ನು ಅಮೆರಿಕದವರು ಬೇಸಿಗೆಯಲ್ಲಿ ತೊಡುತ್ತಾರೆ. ಈ ವ್ಯಾಪಾರದಲ್ಲಿ ಎಲ್ಲರೂ ಹೇಳುವ ಒಂದು ಕಥೆ 1958ರದು. ಕ್ಯಾಪ್ಟನ್ ಕೃಷ್ಣನ್ ನಾಯರ್ ಅವರಿಂದ ಅಮೆರಿಕದ ಆಮದುದಾರರೊಬ್ಬರು ಕೈಮಗ್ಗದ ಮದ್ರಾಸ್ ಬಟ್ಟೆ ಕೊಂಡು ಬ್ರೂಕ್ಸ್ ಬ್ರದರ್ಸ್‌ಗೆ ಮಾರಿದರು. ಬಣ್ಣ ಬಿಡುತ್ತದೆ, ತಣ್ಣೀರಿನಲ್ಲಿ ಮೆತ್ತಗೆ ಒಗೆಯಬೇಕು ಎಂಬ ಮಾತು ಮಾತ್ರ ಗಿರಾಕಿಗಳ ತನಕ ಹೋಗಲಿಲ್ಲ. ಒಂದೇ ಒಗೆತಕ್ಕೆ ಬಣ್ಣಗಳು ಒಂದರೊಳಗೊಂದು ಕಲಸಿ, ದೂರು ಬಂತು. ಕೊನೆಗೆ ಅದನ್ನೇ ಗುಣವೆಂದು ಜಾಹೀರಾತು ಮಾಡಿದರು: ಬಣ್ಣ ಬಿಡುತ್ತದೆ, ಗ್ಯಾರಂಟಿ! ಹೊಸ ಸೀರೆಯನ್ನು ಮೊದಲ ಸಲ ಉಪ್ಪುನೀರಿನಲ್ಲಿ ನೆನೆಸಿ ಬೇರೆಯಾಗಿ ಒಗೆಯಬೇಕು ಎಂದು ನಮ್ಮ ಮನೆಗಳ ಹುಡುಗಿಯರಿಗೆ ಹತ್ತು ವರ್ಷಕ್ಕೇ ಗೊತ್ತು. ಆ ಕೃಷ್ಣನ್ ನಾಯರ್ ಅವರೇ ಮುಂದೆ ಲೀಲಾ ಹೋಟೆಲುಗಳನ್ನು ಕಟ್ಟಿದವರು. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಅರಮನೆಯಂಥ ಹೋಟೆಲನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆ. ಅದರ ಮೊದಲ ಕಾಸಿನ ಹಿಂದೆ ಮಗ್ಗದ ಸದ್ದಿದೆ ಎಂದು ಆಗ ತಿಳಿದಿರಲಿಲ್ಲ.

2020 ಬಂತು. ಮಾರ್ಚಿನಲ್ಲಿ ಬ್ರೂಕ್ಸ್ ಬ್ರದರ್ಸ್‌ನ ಅಂಗಿ, ಸೂಟು, ಟೈಗಳ ಆ ಮೂರೂ ಫ್ಯಾಕ್ಟರಿಗಳು ಮಾಸ್ಕ್ ಹೊಲಿಯಲು ನಿಂತವು. ಜನ ಮನೆಯಲ್ಲಿ ಕೂತು ಕೆಲಸ ಮಾಡುವಾಗ ಸೂಟು, ಟೈ ಯಾರಿಗೆ ಬೇಕು? ಬೇಸಿಗೆಯಲ್ಲಿ ಮೂರೂ ಮುಚ್ಚಿದವು, ಹೆಚ್ಚುಕಡಿಮೆ 700 ಜನ ಮನೆಗೆ ಹೋದರು. ಜುಲೈ 8ರಂದು ಕಂಪನಿ ದಿವಾಳಿ ಅರ್ಜಿ ಹಾಕಿತು. ಆಗಸ್ಟಿನಲ್ಲಿ ಅಥೆಂಟಿಕ್ ಬ್ರ್ಯಾಂಡ್ಸ್ ಮತ್ತು ಮಾಲ್‌ಗಳ ಒಡೆಯರಾದ ಸೈಮನ್ ಕಂಪನಿ ಸೇರಿ ನಡೆಸುತ್ತಿದ್ದ ಸ್ಪಾರ್ಕ್ ಎಂಬ ಸಂಸ್ಥೆ 32.5 ಕೋಟಿ ಡಾಲರಿಗೆ ಅದನ್ನು ಕೊಂಡಿತು. ಹೆಸರು, ಕುರಿಯ ಗುರುತು, ಅಂಗಡಿಗಳು. ಗಾರ್ಲ್ಯಾಂಡಿನ ಹೊಲಿಗೆಯವರು ಆ ಬೆಲೆಯಲ್ಲಿ ಸೇರಿರಲಿಲ್ಲ. ಮ್ಯಾಡಿಸನ್ ಅವೆನ್ಯೂವಿನ ಆ ಬಾಗಿಲೂ ಅದೇ ವರ್ಷ ಮುಚ್ಚಿತು.

ಅದೇ ವರ್ಷದ ಜೂನ್ ತಿಂಗಳಲ್ಲಿ ಶ್ರೀರಂಗಪಟ್ಟಣದ ಒಂದು ಗಾರ್ಮೆಂಟ್ಸ್ ಮುಂದೆ ಸಾವಿರಕ್ಕೂ ಹೆಚ್ಚು ಕೆಲಸಗಾರರು ಧರಣಿ ಕೂತಿದ್ದರು, ಹೆಚ್ಚಿನವರು ಹೆಂಗಸರು. ಆರ್ಡರಿಲ್ಲ ಎಂದು ಫ್ಯಾಕ್ಟರಿ ಮುಚ್ಚಲು ಹೊರಟಿದ್ದರು. ಕಂಪ್ಯೂಟರಿನ ಒಂದು ಕಿಟಕಿಯಲ್ಲಿ ಗಾರ್ಲ್ಯಾಂಡಿನ ಸುದ್ದಿ, ಇನ್ನೊಂದರಲ್ಲಿ ಶ್ರೀರಂಗಪಟ್ಟಣದ ಸುದ್ದಿ ತೆರೆದಿಟ್ಟು ಕೂತ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಮೆರಿಕದಲ್ಲಿ ಅಂಗಿ ಪ್ರೀತಿಸುವವರು ಬರೆಯುತ್ತಾರೆ, ಕೆಲಸ ಹೊರದೇಶಕ್ಕೆ ಹೋಗಿ ಅಂಗಿಯ ಅಂದ ಕೆಟ್ಟಿತು ಎಂದು. ಅವರ ದುಃಖ ನಿಜ, ಆ ಊರಿನವರ ದುಃಖ ಇನ್ನೂ ದೊಡ್ಡದು. ಆದರೆ ಆ ಹೊರದೇಶ ಎಂದರೆ ನಾನು. ನನ್ನ ತಮ್ಮನ ಕಾಲೇಜು ಫೀಸು ಕಟ್ಟಿದ್ದು ಹಾಗೆ ಹೋದ ಕೆಲಸದಿಂದಲೇ. ಮಾಗಡಿಯ ಅಕ್ಕನ ಕೈ ಗಾರ್ಲ್ಯಾಂಡಿನ ಕೈಗಿಂತ ಒಂದು ಎಳೆಯೂ ಕಡಿಮೆ ಇರಲಿಲ್ಲ. ಕಡಿಮೆ ಇದ್ದದ್ದು ಅವರಿಗೆ ಕೊಟ್ಟ ಟೈಮು, ಕೊಟ್ಟ ಬಟ್ಟೆ, ಕೊಟ್ಟ ಕೂಲಿ. ಗಂಟೆಗೆ ಇಷ್ಟು ಪೀಸು ಎಂದು ಬೋರ್ಡಿನ ಮೇಲೆ ಬರೆದು, ತಲೆಯ ಮೇಲೆ ನಿಂತು ಕೂಗುವಾಗ ಬಕ್ರಂ ಇಲ್ಲದ ಕಾಲರು ಹೊಲಿಯಲು ಯಾರಿಂದಲೂ ಆಗದು. ಅಂಗಿಯ ಗುಣವನ್ನು ದೇಶದ ಹೆಸರಿನಿಂದ ಅಳೆಯುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ.

ಕಳೆದ ಚಳಿಗಾಲದಲ್ಲಿ ಆ ನೀಲಿ ಅಂಗಿಯ ಕಾಲರು ಮಡಿಕೆಯ ಗೆರೆಯಲ್ಲಿ ಸವೆದು ಬಿಳಿ ಎಳೆ ಕಾಣಿಸತೊಡಗಿತು. ಉಳಿದ ಅಂಗಿ ಗಟ್ಟಿಮುಟ್ಟು, ಒಗೆದು ಒಗೆದು ಇನ್ನಷ್ಟು ಮೆತ್ತಗಾಗಿದೆ. ಮನೆಯವರು ಇದು ಸಾಕು, ಹೊಸದು ತರೋಣ ಎಂದರು. ನಾನು ಕಾಲರ್ ತಿರುಗಿಸಿ ಕೊಡುತ್ತೇನೆ ಎಂದೆ. ಹಿಂದೆ ನಮ್ಮೂರಿನಲ್ಲಿ ಮೇಷ್ಟ್ರುಗಳ ಅಂಗಿಗೆಲ್ಲ ಟೈಲರು ಇದನ್ನು ಮಾಡುತ್ತಿದ್ದ. ಕಾಲರನ್ನು ಕೊರಳ ಸುತ್ತಿನ ಬ್ಯಾಂಡಿನಿಂದ ಬಿಚ್ಚಿ, ಸವೆದ ಮಗ್ಗುಲು ಅಡಿಗೆ ಹಾಕಿ, ಮತ್ತೆ ಕೂರಿಸುವುದು. ಕಾಜಾ ಎರಡೂ ಕಡೆಗೆ ಒಂದೇ, ಬಟನ್‌ಡೌನ್ ಆದರೂ ತೊಂದರೆಯಿಲ್ಲ.

ಭಾನುವಾರ ಮಧ್ಯಾಹ್ನ ಕಿಟಕಿಯ ಬೆಳಕಿಗೆ ಕೂತು ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚಿದೆ. ಬಿಚ್ಚಲು ಒಂದು ಗಂಟೆ ಹಿಡಿಯಿತು, ಅಷ್ಟು ಸಣ್ಣ ಹೊಲಿಗೆ. ಕಾಲರು ಬಿಡಿಯಾಗಿ ಕೈಗೆ ಬಂದಾಗ ಅದರ ಬಾಯಿ ಅಗಲಿಸಿ ಒಳಗೆ ನೋಡಿದೆ. ಒಳಮಗ್ಗುಲಿನ ನೀಲಿ ಇನ್ನೂ ಅಂಗಡಿಯಲ್ಲಿ ನೋಡಿದ ಬಣ್ಣವೇ, ಬಿಸಿಲು ಕಂಡಿರಲಿಲ್ಲ. ಎಡಗಡೆಯ ತುದಿಯನ್ನು ಬೆಳಕಿಗೆ ಹಿಡಿದೆ. ನೇರ ಬಂದ ಹೊಲಿಗೆ ಮೂಲೆಯಲ್ಲಿ ನಿಂತು, ಅಡ್ಡಕ್ಕೆ ಎರಡು ಹೊಲಿಗೆ ಹೋಗಿ, ಆಮೇಲೆ ತಿರುಗಿತ್ತು. ಬಲಗಡೆ ನೋಡಿದೆ. ಅಲ್ಲಿ ಮೂರು. ಸೂಜಿ ಒಂದು ಹೆಜ್ಜೆ ಮುಂದೆ ಹೋಗಿರಬೇಕು, ಅಥವಾ ಪಕ್ಕದವರು ಏನೋ ಮಾತಾಡಿಸಿರಬೇಕು.

ಅದನ್ನು ಹಾಗೆಯೇ ಬಿಟ್ಟೆ. ಕಾಲರನ್ನು ಸವೆದ ಮಗ್ಗುಲು ಅಡಿಗೆ ಬರುವ ಹಾಗೆ ತಿರುಗಿಸಿ, ಇಸ್ತ್ರಿ ಹಾಕಿ, ಬ್ಯಾಂಡಿನೊಳಗೆ ಇಟ್ಟು ಪಿನ್ನು ಚುಚ್ಚಿದೆ. ಮಷೀನಿಗೆ ನೀಲಿ ದಾರ ಹಾಕಿ, ಹೊಲಿಗೆಯನ್ನು ಆದಷ್ಟು ಸಣ್ಣದಕ್ಕೆ ಇಟ್ಟುಕೊಂಡೆ.